ಪ್ರಶ್ನೆ ಕೇಳೋಕೂ ಒಂದು ಜಾಗ ಬೇಕು (ಎಡಿನ್‌ಬರೊ ಡೈರಿ, ಭಾಗ 9)

ಹೋದ ಸಲ ಬರೀ ಮಳೆ ಬಗ್ಗೆ ಬರೆದೆ ಅಂತ ಚಿಕ್ಕಮ್ಮ ಬೈದ್ರು. ಇವತ್ತು ನಮ್ಮ ಕೆಲಸದ ಕಥೆ.

ನನ್ನ ಜೊತೆ ಓದಿದವರಿಗೆ ನೆನಪಿರಬೇಕು. ಬಿಎಸ್ಸಿ ಕೊನೇ ವರ್ಷ ರಿಸರ್ಚ್ ಪ್ರಾಜೆಕ್ಟ್ ಅಂತ ಸೀನಿಯರ್‌ಗಳ ಹಳೇದನ್ನೇ ತಂದು, ಊರಿನ ಹೆಸರು ಬದಲಿಸಿ, ಬೈಂಡ್ ಮಾಡಿಸಿ ಕೊಟ್ವಿ. ವೈವಾ ಮುಗೀತು, ರಿಸರ್ಚೂ ಮುಗೀತು!

ಈ ಊರಿಗೆ ಬಂದ ಮೇಲೆ ಗೊತ್ತಾದ ಹೆಸರು ಲಿಸ್ಬೆತ್ ಹಾಕಿ. ಹೌದು, ಆಟದ ಹೆಸರೇ. ಹುಟ್ಟಿದ್ದು 1918ರಲ್ಲಿ, ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಡಾಕ್ಟರ್ ಆಗೋಕೆ ಓದ್ತಿದ್ರು. 1938ರಲ್ಲಿ ನಾಜಿಗಳು ಬಂದರು, ಓದು ಅರ್ಧಕ್ಕೆ ಬಿಟ್ಟು ಬ್ರಿಟನ್‌ಗೆ ಓಡಿ ಬಂದರು. ಇಲ್ಲಿ ಮೆಡಿಕಲ್ ಮುಂದುವರಿಸೋಕೆ ಆಗಲಿಲ್ಲ, ನರ್ಸ್ ಆದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಡಿಸ್ಟ್ರಿಕ್ಟ್ ನರ್ಸ್ ಆಗಿ ದುಡಿದರು. ಆಮೇಲೆ ಆ ಕೆಲಸದ ಬಗ್ಗೆಯೇ ಆರು ಪ್ರದೇಶಗಳಲ್ಲಿ ಸಮೀಕ್ಷೆ ಮಾಡಿ 1966ರಲ್ಲಿ ವರದಿ ತಂದರು.

ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ವಿಭಾಗ ಶುರುವಾಗಿದ್ದು 1956ರಲ್ಲಿ, ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಹಣದಿಂದ. 1971ರಲ್ಲಿ ಸ್ಕಾಟ್ಲೆಂಡ್ ಆರೋಗ್ಯ ಇಲಾಖೆ ಹಣ ಕೊಟ್ಟು ಅಲ್ಲೇ ನರ್ಸಿಂಗ್ ರಿಸರ್ಚ್ ಯೂನಿಟ್ ಆಯ್ತು. ಮೊದಲ ನಿರ್ದೇಶಕಿ ಇದೇ ಹಾಕಿ. ಮರುವರ್ಷವೇ ಸರ್ಕಾರದ ಬ್ರಿಗ್ಸ್ ಸಮಿತಿ, ನರ್ಸಿಂಗ್ ಸಂಶೋಧನೆಯ ಆಧಾರದ ಮೇಲೆ ನಡೆಯೋ ವೃತ್ತಿಯಾಗಬೇಕು ಅಂತ ಹೇಳಿತು.

ನನಗೆ ದೊಡ್ಡದು ಅನ್ನಿಸಿದ್ದು ಇದು: ಪ್ರಶ್ನೆ ಕೇಳೋ ನರ್ಸ್‌ಗಳು ಮೊದಲೂ ಇದ್ರು. ಯೂನಿಟ್ ಕೊಟ್ಟಿದ್ದು ಕೂರೋಕೆ ಜಾಗ, ಸಂಬಳ, ಜೊತೆಗಾರರು. ರಿಸರ್ಚ್ ಅನ್ನೋದು ರಜೆ ದಿನದ ಹವ್ಯಾಸ ಆಗದೆ ಕೆಲಸ ಆಯ್ತು.

ಈಗ ನನ್ನ ವಿಷಯ. ನಮ್ಮ ವಾರ್ಡಿನ ಕೆಲವು ಅಜ್ಜಿಯರು ಸಂಜೆಯಾದರೆ ನೀರು ಕುಡಿಯಲ್ಲ. ರಾತ್ರಿ ಬಾತ್‌ರೂಮಿಗೆ ನಮ್ಮನ್ನ ಕರೀಬೇಕಾಗುತ್ತಲ್ಲ ಅನ್ನೋ ಸಂಕೋಚ. ನಮ್ಮ ಅಜ್ಜಿನೂ ಕೊನೇ ವರ್ಷ ಹಾಗೇ ಮಾಡ್ತಿದ್ರು, ಅಮ್ಮಂಗೆ ಗೊತ್ತು. ಇದನ್ನ ಸರಿಯಾಗಿ ಲೆಕ್ಕ ಇಟ್ಟು ನೋಡಬೇಕು ಅಂತ ಕೇಳಿದೆ. "ಒಳ್ಳೇ ಪ್ರಶ್ನೆ, ನಿನ್ನ ರಜೆ ದಿನದಲ್ಲಿ ಮಾಡು" ಅಂದ್ರು. ಎರಡು ವಾರ ಸುಮ್ಮನಿದ್ದೆ.

ಶುಕ್ರವಾರ ಅರ್ಜಿ ಕೊಡ್ತಿದ್ದೀನಿ. ವಾರಕ್ಕೆ ನಾಲ್ಕು ಗಂಟೆ ಡ್ಯೂಟಿ ಒಳಗೇ ಬೇಕು ಅಂತಲೂ ಬರೆದಿದ್ದೀನಿ. ಕೊಡ್ತಾರೋ ಇಲ್ವೋ, ಈ ಸಲ ಹಳೇ ಪ್ರಾಜೆಕ್ಟ್ ನಕಲು ಮಾತ್ರ ಅಲ್ಲ.

ಊರಲ್ಲಿ ಡ್ಯೂಟಿ ಮಾಡ್ತಿರೋ ಗೆಳತಿಯರೇ, ನಿಮ್ಮ ವಾರ್ಡಿನ ಪ್ರಶ್ನೆ ಯಾವುದು? ಕೆಳಗೆ ಬರೀರಿ.