ಅಜ್ಜಿಯ ಎಡಗೆನ್ನೆ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹಿರಿಯೂರಿನ ನಮ್ಮ ಸ್ಕೂಲಿನ ಲ್ಯಾಬಿನಲ್ಲಿ ಮೇಷ್ಟ್ರು ಒಂದು ಪ್ರಯೋಗ ಮಾಡಿಸಿದ್ದರು. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಗಡೆ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡೋದು. ಹಪ್ಪಳದ ಚೂರುಗಳ ಹಾಗೆ ಚಪ್ಪಟೆ ಚಪ್ಪಟೆ, ನಡುವೆ ಒಂದೊಂದು ನೀಲಿ ಚುಕ್ಕಿ. "ಅನುಲೇಪಕ ಅಂಗಾಂಶ" ಅಂತ ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು ಮರೆತುಬಿಟ್ಟಿದ್ದೆ. ಅದಾಗಿ ಎರಡು ವರ್ಷಕ್ಕೆ ಅಜ್ಜಿಯ ಎಡಗೆನ್ನೆಯೊಳಗಿನ ಅದೇ ಅಂಗಾಂಶದ ಒಂದು ಚೂರನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಬಯಾಪ್ಸಿಗೆ ತೆಗೆದರು.

ಅಜ್ಜಿಯ ಎಲೆಅಡಿಕೆ ಸಂಚಿ ಸೊಂಟ ಬಿಟ್ಟು ಇಳಿದದ್ದೇ ಇಲ್ಲ. ಎಲೆ, ಅಡಿಕೆ, ಸುಣ್ಣ, ಕೊನೆಗೆ ಒಂದು ಚೂರು ಹೊಗೆಸೊಪ್ಪು. ರಾತ್ರಿ ಮಲಗುವಾಗಲೂ ಎಡ ದವಡೆಗೆ ಒಂದು ಉಂಡೆ ಒತ್ತರಿಸಿಕೊಂಡೇ ಮಲಗುತ್ತಿದ್ದಳು. ಅಲ್ಲೊಂದು ಬಿಳಿ ಮಚ್ಚೆ ಎದ್ದಾಗ ಮನೆಯಲ್ಲಿ ಎಲ್ಲರೂ "ಸುಣ್ಣ ಸುಟ್ಟಿರಬೇಕು" ಅಂದೆವು. ನಾನೂ ಅಂದೆ. ವರ್ಷದ ಮೇಲೆ ಅದು ಹುಣ್ಣಾಯಿತು.

ಎಡಗೆನ್ನೆಯಲ್ಲೇ ಯಾಕೆ ಅನ್ನೋ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಆ ಚಾಳಿ ಇನ್ನೂ ಜಾಸ್ತಿಯಾಗಿದೆ, ಬಗ್ ಅಂದರೆ ಯಾವ ಸಾಲಿನಲ್ಲಿ ಅಂತ ಕೇಳದೆ ಬಿಡೋಕಾಗಲ್ಲ :) ಬಿಡುವಿದ್ದಾಗಲೆಲ್ಲ ಓದುತ್ತಾ ಹೋದೆ. ಓದಿದ್ದು ಇಲ್ಲಿದೆ.

ಗ್ರೀಕರು ಈ ರೋಗವನ್ನು ಏಡಿ ಅಂದರು. ಕನ್ನಡದಲ್ಲೂ ಏಡಿಗಂತಿ ಅನ್ನೋ ಪದ ಇದೆ. ಹೆಸರು ಕೇಳಿದರೆ ಎಲ್ಲಿಂದಲೋ ಬಂದು ಕಚ್ಚಿ ಕೂತ ಪ್ರಾಣಿ ಅನ್ನಿಸುತ್ತೆ. ಆ ನಂಬಿಕೆ ಅಲುಗಿದ್ದು ಜರ್ಮನಿಯಲ್ಲಿ. 1838ರಲ್ಲಿ ಯೊಹಾನೆಸ್ ಮ್ಯೂಲರ್ ಗಡ್ಡೆಗಳೂ ಜೀವಕೋಶಗಳಿಂದಲೇ ಆದದ್ದು ಅಂತ ತೋರಿಸಿದ. ಅವನ ಶಿಷ್ಯ ರುಡಾಲ್ಫ್ ವಿರ್ಖೋ 1858ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತೆ ಅಂದ. ಅಲ್ಲಿಗೆ ಏಡಿ ಹೊರಗಿಂದ ಬಂದದ್ದಲ್ಲ, ಮನೆಯ ಮಗುವೇ ಅಂತಾಯಿತು.

ಕೆನ್ನೆಯ ಒಳಪದರದ ವಿಷಯಕ್ಕೆ ಬರೋಣ. ನಾವು ಕಡ್ಡಿಯಲ್ಲಿ ಕೆರೆದು ನೋಡಿದ್ದು ಮೇಲ್ಪದರದ ಮುದಿ ಕೋಶಗಳು, ಉದುರಲು ಸಿದ್ಧವಾದವು. ಅವನ್ನು ಹುಟ್ಟಿಸುವ ಕೋಶಗಳು ತಳದಲ್ಲಿ ಒಂದೇ ಸಾಲಾಗಿ ಕೂತಿರುತ್ತವೆ. ಅವು ಒಡೆದು ಎರಡಾಗುತ್ತವೆ, ಹೊಸವು ಮೇಲಕ್ಕೆ ಸರಿಯುತ್ತವೆ, ಸುಮಾರು ಎರಡು ವಾರದಲ್ಲಿ ಪದರವೇ ಹೊಸದಾಗುತ್ತೆ. ಪ್ರತಿ ಸಲ ಒಡೆಯುವಾಗಲೂ ಡಿಎನ್‌ಎ ಪೂರ್ತಿ ಕಾಪಿ ಆಗಬೇಕು. ದಿನಾ ಒಂದೇ ಜಾಗಕ್ಕೆ ಗಾಯವಾದರೆ ಅಲ್ಲಿ ಕಾಪಿ ಕೆಲಸ ಜಾಸ್ತಿ, ತಪ್ಪೂ ಜಾಸ್ತಿ. ಜೊತೆಗೆ ಹೊಗೆಸೊಪ್ಪಿನ ನೈಟ್ರೋಸಮೀನುಗಳು ಡಿಎನ್‌ಎಗೇ ಅಂಟಿಕೊಂಡು ಅಕ್ಷರ ಕೆಡಿಸುತ್ತವೆ. ತಪ್ಪು ಕಂಡರೆ ಕೆಲಸ ನಿಲ್ಲಿಸೋಕೆ ಅಂತಲೇ ಪಿ53 ಅನ್ನೋ ಪ್ರೋಟೀನ್ ಇದೆ, 1979ರಲ್ಲಿ ಸಿಕ್ಕಿದ್ದು. ಅದರ ಜೀನೇ ಕೆಟ್ಟರೆ ಬ್ರೇಕ್ ಹೋದ ಲಾರಿ. ಒಂದು ತಪ್ಪಿಗೆ ಕ್ಯಾನ್ಸರ್ ಆಗಲ್ಲ, ಹಲವು ತಪ್ಪು ಒಂದೇ ವಂಶದ ಕೋಶಗಳಲ್ಲಿ ಸೇರಬೇಕು. ಅದಕ್ಕೇ ಹತ್ತಾರು ವರ್ಷ ಹಿಡಿಯೋದು. ತಳದ ಸಾಲಿನ ಕೆಳಗೆ ಒಂದು ತೆಳು ಪೊರೆ ಇದೆ, ಬೇಲಿಯಿದ್ದ ಹಾಗೆ. ಕೆಟ್ಟ ಕೋಶಗಳು ಅದನ್ನು ಹರಿದು ಕೆಳಗಿಳಿದ ದಿನದಿಂದ ಅದು ಕ್ಯಾನ್ಸರ್.

ಇದೆಲ್ಲ ಈಚಿನ ತಿಳಿವಳಿಕೆ. ಆದರೆ ಎಲೆಅಡಿಕೆ ಮೇಲಿನ ಅನುಮಾನ ಬಹಳ ಹಳೆಯದು, ಅದೂ ನಮ್ಮ ದಕ್ಷಿಣದ್ದೇ. 1902ರಲ್ಲಿ ಮದರಾಸಿನಲ್ಲಿ ನಿಬ್ಲಾಕ್ ಅನ್ನೋ ವೈದ್ಯರು ಬಾಯಿಯ ಕ್ಯಾನ್ಸರಿಗೂ ಎಲೆಅಡಿಕೆಗೂ ಇರುವ ನಂಟನ್ನು ಬರೆದರು. 1908ರಲ್ಲಿ ಬೆಂಟಾಲ್ ತಿರುವಾಂಕೂರಿನ 1700 ಕ್ಯಾನ್ಸರ್ ರೋಗಿಗಳ ಬಗ್ಗೆ ಬರೆದರು. 1933ರಲ್ಲಿ ಆರ್ ಅನ್ನೋರು ತಿರುವಾಂಕೂರಿನಿಂದಲೇ ಮತ್ತೆ ಬರೆದರು. ನಮ್ಮ ಅಜ್ಜಿ ಹುಟ್ಟೋಕೆ ಮುಂಚೆಯೇ ಗೊತ್ತಿದ್ದ ವಿಷಯ ಇದು!

ನಮ್ಮದೇ ರಾಜ್ಯದ ಲೆಕ್ಕ ಸಿಕ್ಕಾಗ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. 1982ರಲ್ಲಿ ಮದರಾಸಿನ ಜೊತೆ ಬೆಂಗಳೂರಿನಲ್ಲೂ ಕ್ಯಾನ್ಸರ್ ನೋಂದಣಿ ಶುರುವಾಯಿತು, ಕಿದ್ವಾಯಿಯಲ್ಲಿ. ಆ ನೋಂದಣಿಯಿಂದ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಆರಿಸಿ, ಅದೇ ಬಡಾವಣೆಗಳ ಆರೋಗ್ಯವಂತರ ಜೊತೆ ಹೋಲಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಸೇರಿಸಿ ಎಲೆಅಡಿಕೆ ಹಾಕುವ ಹೆಂಗಸರಿಗೆ ಅಪಾಯ ಸುಮಾರು 25 ಪಟ್ಟು. ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುವವರಿಗೆ ಸುಮಾರು 18 ಪಟ್ಟು. ಅಜ್ಜಿಯ ಅಭ್ಯಾಸಕ್ಕೆ ಅಲ್ಲೊಂದು ಸಾಲೇ ಇತ್ತು. (ರಾಗಿ ತಿನ್ನುವವರಲ್ಲಿ ಅಪಾಯ ಕಡಿಮೆ ಕಂಡಿತು ಅಂತಲೂ ಅದರಲ್ಲಿದೆ. ಮುದ್ದೆ ಪ್ರಿಯರು ಹಿಗ್ಗಬೇಡಿ, ಅಜ್ಜಿ ಎರಡು ಹೊತ್ತೂ ಮುದ್ದೆ ಉಂಡವಳು.)

"ಹೊಗೆಸೊಪ್ಪಿನದು ತಪ್ಪು, ಅಡಿಕೆ ಏನು ಮಾಡಿತು?" ಇದು ನಮ್ಮ ಕಡೆಯ ಮಾತು. 1985ರವರೆಗೆ ವಿಜ್ಞಾನದ ಮಾತೂ ಹತ್ತಿರತ್ತಿರ ಅದೇ ಆಗಿತ್ತು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಅಂದಿತ್ತು. 2003ರಲ್ಲಿ ಮತ್ತೆ ಕೂತು, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಅಂದಿತು. ಅಡಿಕೆಯ ಅರೆಕೋಲಿನ್ ಚರ್ಮದಡಿಯ ಕೋಶಗಳಿಂದ ಹೆಚ್ಚು ನಾರು ಮಾಡಿಸುತ್ತೆ. ಅಡಿಕೆಯ ಒಗರು ಆ ನಾರನ್ನು ಕರಗದ ಹಾಗೆ ಗಟ್ಟಿ ಮಾಡುತ್ತೆ. ಹಿರಿಯೂರಿನ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಗೊತ್ತಲ್ಲ? ಅದರ ತೊಗಟೆಯ ಒಗರಿನಲ್ಲೇ ಹಿಂದೆ ಚರ್ಮ ಹದ ಮಾಡುತ್ತಿದ್ದರು. ಬದುಕಿರುವವರ ಬಾಯೊಳಗೆ ನಡೆಯೋದೂ ಹೆಚ್ಚುಕಮ್ಮಿ ಅದೇ ಕೆಲಸ. ಕೆನ್ನೆ ಬಿಗಿದು ಬಾಯಿ ತೆರೆಯೋಕಾಗಲ್ಲ. 1952ರಲ್ಲಿ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿದರು. ಎರ್ನಾಕುಳಂನಲ್ಲಿ ಇಂಥವರನ್ನು 17 ವರ್ಷ ಗಮನಿಸಿದಾಗ ಶೇ. 7.6 ಮಂದಿಗೆ ಕ್ಯಾನ್ಸರ್ ಆಯಿತು.

ಇದನ್ನೆಲ್ಲ ಊರಲ್ಲಿ ಹೇಳೋದು ಸುಲಭ ಅಲ್ಲ. 1907ರಲ್ಲಿ ಮುಗಿದ ಮಾರಿಕಣಿವೆ ಡ್ಯಾಮಿನ ನೀರಲ್ಲಿ ಬೆಳೆದ ತೋಟ ನಮ್ಮದು. ಒಮ್ಮೆ ಶುರು ಮಾಡಿದ್ದಕ್ಕೆ ಅಪ್ಪ, "ಅಡಿಕೆ ಬೈಬೇಡ. ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅದೇ, ನಿಮ್ಮಜ್ಜಿ ಆಪರೇಷನ್ನಿಗೆ ಕಟ್ಟಿದ್ದೂ ಅದೇ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಪರೇಷನ್ ಆಗಿ ಹದಿನಾಲ್ಕು ತಿಂಗಳಿಗೆ ಅಜ್ಜಿ ಹೋಗಿದ್ದಳು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಸುಲಿಯೋ ಹೆಂಗಸರ ಬಾಯೆಲ್ಲ ಕೆಂಪು. ಸುಮ್ಮನೆ ಆಟದ ಹಾಗೆ, "ಮೂರು ಬೆರಳು ನೆಟ್ಟಗೆ ಜೋಡಿಸಿ ಬಾಯಲ್ಲಿ ಹಾಕಿ ನೋಡೋಣ" ಅಂದೆ. ಬಿದ್ದು ಬಿದ್ದು ನಕ್ಕರು, ಆದರೂ ಹಾಕಿದರು. ಎಲ್ಲರಿಗೂ ಹೋಯಿತು. ಒಬ್ಬ ಅಕ್ಕನಿಗೆ ಮಾತ್ರ ಎರಡಕ್ಕೇ ನಿಂತಿತು. ವಯಸ್ಸು ಮೂವತ್ತೈದು ಇರಬಹುದು. "ಖಾರ ತಿಂದ್ರೆ ಉರಿ ಆಗುತ್ತಾ ಅಕ್ಕ?" ಅಂದೆ. "ನಿಂಗ್ಯಾರು ಹೇಳಿದ್ರಪ್ಪ?" ಅಂದಳು.

ಅಪ್ಪ ಜಗಲಿಯಿಂದ ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಆಕೆಯನ್ನೂ ಆಕೆಯ ಗಂಡನನ್ನೂ ಕರೆದುಕೊಂಡು ಅವರೇ ಚಿತ್ರದುರ್ಗದ ಬಸ್ ಹತ್ತಿದರು.