ಗುರುಗಳು ತೊದಲಿದ ನಾಲ್ಕು ತಿಂಗಳು

ಮಿಷನರಿಗಳ ಚರಿತ್ರೆ ಬರೆಯುವವರು ಅವರು ಕಟ್ಟಿದ ಚರ್ಚು, ಶಾಲೆ, ಆಸ್ಪತ್ರೆ, ಅಚ್ಚುಕೂಟಗಳ ಲೆಕ್ಕವನ್ನು ವಿವರವಾಗಿ ಕೊಡುತ್ತಾರೆ. ಆ ಕೆಲಸವೆಲ್ಲ ಶುರುವಾಗುವ ಮುಂಚೆ, ಹೊಸದಾಗಿ ಬಂದವರು ಊರ ಭಾಷೆ ಬಾರದೆ ತಡವರಿಸಿದ ತಿಂಗಳುಗಳು ಮಾತ್ರ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ಕಿಟೆಲ್ 1853ರಲ್ಲಿ ಬಂದರು, ಕನ್ನಡ ಕಲಿತರು, 1894ರಲ್ಲಿ ನಿಘಂಟು ಹೊರಬಂತು ಎಂದು ನಾವೂ ಹೇಳಿ ಮುಂದೆ ಸಾಗುತ್ತೇವೆ. ಆ ಕಲಿಕೆ ಹೇಗೆ ನಡೆಯಿತು, ಅವರನ್ನು ತಿದ್ದಿದವರು ಯಾರು ಎಂದು ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ವಾದ. ಮಿಷನರಿಯೊಬ್ಬ ತಾನು ಹೋದ ಊರಿನ ಜನರನ್ನು ಮುಂದೆ ಹೇಗೆ ಕಾಣುತ್ತಾನೆ ಎಂಬುದು ಬಹುಮಟ್ಟಿಗೆ ಭಾಷೆ ಕಲಿಯುವ ದಿನಗಳಲ್ಲೇ ತೀರ್ಮಾನವಾಗುತ್ತದೆ. ಎಷ್ಟು ಕಲಿತ ಎಂಬುದಕ್ಕಿಂತ ಯಾರ ಮುಂದೆ ಕೂತು, ಯಾವ ಸ್ಥಾನದಲ್ಲಿ ನಿಂತು ಕಲಿತ ಎಂಬುದು ಅಲ್ಲಿ ಹೆಚ್ಚು ಮುಖ್ಯ. ಇದನ್ನು ಸ್ಪಷ್ಟವಾಗಿ ತೋರಿಸುವ ಪ್ರಸಂಗ 1960ರ ದಶಕದ ಮೆಕ್ಸಿಕೊದಲ್ಲಿ, ಸ್ಪ್ಯಾನಿಷ್ ಕಲಿಯಲು ಬಂದ ಅಮೆರಿಕದ ಕ್ಯಾಥೊಲಿಕ್ ಪಾದ್ರಿಗಳ ಮತ್ತು ಕನ್ಯಾಸ್ತ್ರೀಯರ ನಡುವೆ ನಡೆಯಿತು.

ಕಾಲ ಎಂಥದ್ದೆಂಬುದನ್ನು ಮೊದಲು ನೋಡಬೇಕು. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿತ್ತು. ಲ್ಯಾಟಿನ್ ಅಮೆರಿಕದ ಉಳಿದ ದೇಶಗಳೂ ಅದೇ ದಾರಿ ಹಿಡಿದಾವೆಂಬ ಭಯ ವಾಷಿಂಗ್ಟನ್ನಿನಲ್ಲೂ ಇತ್ತು, ರೋಮ್‌ನಲ್ಲೂ ಇತ್ತು. ಕೆನಡಿ ಸರ್ಕಾರ 1961ರಲ್ಲಿ ಆ ದೇಶಗಳಿಗೆ ದೊಡ್ಡ ಮೊತ್ತದ ನೆರವಿನ ಯೋಜನೆ ಘೋಷಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ನೋತ್ರ್ ದಾಮ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ಧಾರ್ಮಿಕ ಸಭೆಗಳ ಮುಖ್ಯಸ್ಥರ ಮುಂದೆ ವ್ಯಾಟಿಕನ್ನಿನ ಅಧಿಕಾರಿ ಅಗೊಸ್ತಿನೊ ಕಸರೋಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಅವರ ಕೋರಿಕೆಯನ್ನಿಟ್ಟರು: ಹತ್ತು ವರ್ಷದೊಳಗೆ ಪ್ರತಿ ಸಭೆಯೂ ತನ್ನ ಸದಸ್ಯರಲ್ಲಿ ಹತ್ತರಲ್ಲೊಂದು ಪಾಲನ್ನು ಲ್ಯಾಟಿನ್ ಅಮೆರಿಕಕ್ಕೆ ಕಳಿಸಬೇಕು. ಕರೆಗೆ ಓಗೊಟ್ಟು ಹೊರಟವರಲ್ಲಿ ಬಹಳ ಮಂದಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಆ ಹೊತ್ತಿಗೆ ಬಲಿಪೂಜೆ ಲೋಕದಾದ್ಯಂತ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದುದರಿಂದ, ಭಾಷೆ ಬಾರದ ಪಾದ್ರಿಯೂ ಯಾವ ಊರಿನ ಪೀಠದ ಮುಂದೆ ಬೇಕಾದರೂ ನಿಂತು ಪೂಜೆ ಮುಗಿಸಬಹುದಿತ್ತು. ಆದರೆ ಪಾಪನಿವೇದನೆಗೆ ಬಂದವಳು ಜಾಲರಿಯ ಆಚೆಯಿಂದ ಪಿಸುಗುಟ್ಟುವುದು ತನ್ನ ಮನೆಯ ಮಾತಿನಲ್ಲಿ. ಅಲ್ಲಿ ಲ್ಯಾಟಿನ್ ಕೆಲಸಕ್ಕೆ ಬಾರದು. ಮಾತನಾಡುವುದಕ್ಕಿಂತ ಕೇಳಿಸಿಕೊಳ್ಳುವುದಕ್ಕೇ ಮಿಷನರಿಗೆ ಭಾಷೆ ಬೇಕಾಗಿತ್ತು.

ಇದನ್ನು ಚೆನ್ನಾಗಿ ಅರಿತಿದ್ದವರು ಇವಾನ್ ಇಲಿಚ್. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ರೋಮ್‌ನಲ್ಲಿ ಓದಿ ಪಾದ್ರಿಯಾದ ಅವರು 1951ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಅವರಿದ್ದ ಧರ್ಮಕೇಂದ್ರಕ್ಕೆ ಪೋರ್ಟೊ ರಿಕೊದಿಂದ ವಲಸೆ ಬಂದ ಬಡವರು ಹೆಚ್ಚುಹೆಚ್ಚಾಗಿ ಸೇರುತ್ತಿದ್ದರು. ಹಳೆಯ ಐರಿಷ್ ಮೂಲದವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. 1956ರಲ್ಲಿ ನಗರದ ನೂರಾರು ಶಿಕ್ಷಕರಿಗೆ, ಸಮಾಜಸೇವಕರಿಗೆ, ಪಾದ್ರಿಗಳಿಗೆ ಬೇಗ ಸ್ಪ್ಯಾನಿಷ್ ಕಲಿಸಬೇಕಾಗಿ ಬಂದಾಗ ಮಾಡಿದ ಏರ್ಪಾಟನ್ನು ಇಲಿಚ್ 1971ರ ತಮ್ಮ ಪ್ರಸಿದ್ಧ ಪುಸ್ತಕ 'ಡೀಸ್ಕೂಲಿಂಗ್ ಸೊಸೈಟಿ'ಯಲ್ಲಿ ವಿವರಿಸಿದ್ದಾರೆ. ಪ್ರಾಧ್ಯಾಪಕರನ್ನು ಕರೆಯದೆ, ಸ್ಪ್ಯಾನಿಷ್ ರೇಡಿಯೊದಲ್ಲಿ ಹಾರ್ಲೆಮ್ ಬಡಾವಣೆಯ ಹುಡುಗರಿಗೆ ಕರೆ ಕೊಡಲಾಯಿತು. ಮರುದಿನ ಸುಮಾರು ಇನ್ನೂರು ಮಂದಿ ಸಾಲು ನಿಂತರು. ಅವರಲ್ಲಿ ನಾಲ್ಕು ಡಜನ್ ಹುಡುಗರನ್ನು ಆರಿಸಿದರು. ಹಲವರು ಶಾಲೆ ಬಿಟ್ಟವರು. ಅಮೆರಿಕದ ರಾಜತಾಂತ್ರಿಕರಿಗಾಗಿ ತಯಾರಾಗಿದ್ದ, ಭಾಷಾವಿಜ್ಞಾನ ಓದಿದವರೇ ಪಾಠ ಮಾಡಬೇಕೆಂದಿದ್ದ ಸ್ಪ್ಯಾನಿಷ್ ಕೈಪಿಡಿಯನ್ನು ಬಳಸುವುದನ್ನು ಅವರಿಗೆ ತೋರಿಸಿಕೊಟ್ಟು, ವಾರದೊಳಗೆ ಒಬ್ಬೊಬ್ಬರಿಗೆ ನಾಲ್ವರು ಶಿಷ್ಯರನ್ನು ಒಪ್ಪಿಸಲಾಯಿತು. ಆರು ತಿಂಗಳಲ್ಲಿ ಕೆಲಸ ಮುಗಿಯಿತು. ಸ್ಪ್ಯಾನಿಷ್‌ನಲ್ಲಿ ವ್ಯವಹರಿಸಬಲ್ಲ ಕನಿಷ್ಠ ಮೂವರು ಇರುವ 127 ಧರ್ಮಕೇಂದ್ರಗಳಿವೆ ಎಂದು ನ್ಯೂಯಾರ್ಕಿನ ಕಾರ್ಡಿನಲ್ ಹೇಳಿಕೊಳ್ಳುವಂತಾಯಿತು. ಇಲಿಚ್ ಈ ಕತೆಯನ್ನು ಹೇಳಿದ್ದು ಸರ್ಟಿಫಿಕೇಟಿನ ಹಂಗಿಲ್ಲದೆಯೂ ಕಲಿಸಬಹುದು ಎಂಬುದಕ್ಕೆ. ನನಗೆ ಅದರಲ್ಲಿ ಬೇರೊಂದು ಸಂಗತಿ ದೊಡ್ಡದಾಗಿ ಕಾಣುತ್ತದೆ. ನಗರದಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಹುಡುಗರು, ತಮ್ಮನ್ನು ಉದ್ಧರಿಸಲು ಹೊರಟಿದ್ದವರ ಮಾತನ್ನು ತಿದ್ದುವ ಜಾಗದಲ್ಲಿ ಕೂತರು.

1956ರಲ್ಲೇ ಇಲಿಚ್ ಪೋರ್ಟೊ ರಿಕೊದ ಪೊನ್ಸೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ ಉಪಕುಲಪತಿಯಾಗಿ ಹೋಗಿ, ನ್ಯೂಯಾರ್ಕಿನ ಪಾದ್ರಿಗಳಿಗೆ ಬೇಸಿಗೆಯ ಭಾಷಾ ತರಗತಿಗಳನ್ನು ಶುರುಮಾಡಿದರು. ಅಲ್ಲಿನ ಬಿಷಪ್ಪರೊಡನೆ ಚುನಾವಣಾ ರಾಜಕೀಯದ ವಿಷಯವಾಗಿ ಮನಸ್ತಾಪ ಬಂದು 1960ರಲ್ಲಿ ದ್ವೀಪ ಬಿಟ್ಟರು. 1961ರಲ್ಲಿ ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಕ್ವೆರ್ನವಾಕದಲ್ಲಿ, ಅಲ್ಲಿನ ಬಿಷಪ್ ಸೆರ್ಹಿಯೊ ಮೆಂದೆಸ್ ಅರ್ಸೆಯೊ ಅವರ ಬೆಂಬಲದಿಂದ, ಒಂದು ಹಳೆಯ ಹೋಟೆಲಿನಲ್ಲಿ ತರಬೇತಿ ಕೇಂದ್ರ ತೆರೆದರು. ತರಬೇತಿ ಸುಮಾರು ನಾಲ್ಕು ತಿಂಗಳದ್ದು. ದಿನದ ಬಹುಪಾಲು ಬಾಯಿಕಸರತ್ತೇ. ಮೂರು ನಾಲ್ಕು ಮಂದಿ ದೇವಶಾಸ್ತ್ರ ಪಂಡಿತರ ಎದುರು ಊರಿನ ಯುವಕನೋ ಯುವತಿಯೋ ಕೂತು 'ವೋಯ್ ಆಲ್ ಮೆರ್ಕಾದೊ', ನಾನು ಮಾರುಕಟ್ಟೆಗೆ ಹೋಗುತ್ತೇನೆ, ಎನ್ನಬೇಕು. ಅವರು ಹಾಗೆಯೇ ಹೇಳಬೇಕು. ಅಧ್ಯಾಪಕಿ 'ನಾವು' ಎಂದರೆ 'ವಾಮೊಸ್ ಆಲ್ ಮೆರ್ಕಾದೊ', 'ಅವರು' ಎಂದರೆ 'ವಾನ್ ಆಲ್ ಮೆರ್ಕಾದೊ'. ವ್ಯಾಕರಣದ ವಿವರಣೆ ಇಲ್ಲ, ಯೋಚಿಸಲು ಬಿಡುವಿಲ್ಲ, ಕ್ರಿಯಾಪದ ತಪ್ಪಿದರೆ ಮತ್ತೆ ಮೊದಲಿನಿಂದ. 'ಪೆರೊ' ಎಂದರೆ 'ಆದರೆ', 'ಪೆರ್ರೊ' ಎಂದರೆ 'ನಾಯಿ'. ಕನ್ನಡದವರ ನಾಲಿಗೆಗೆ ಈ ರಕಾರಗಳು ಒಂದು ಕಷ್ಟವೇ ಅಲ್ಲ; ಬಾಯೊಳಗೆ ರಕಾರವನ್ನು ಮಡಚಿ ನುಂಗುವ ಅಭ್ಯಾಸದ ಅಮೆರಿಕನ್ನರಿಗೆ ಅವನ್ನು ಬೇರೆಬೇರೆಯಾಗಿ ನುಡಿಯಲು ದಿನಗಟ್ಟಲೆ ಬೇಕಾಗುತ್ತಿತ್ತು. ಹಿಂದಿನ ವರ್ಷ ತನ್ನೂರಿನಲ್ಲಿ ಸಾವಿರ ಜನರ ಮುಂದೆ ಪ್ರಬೋಧನೆ ಮಾಡಿದ್ದ ಪಾದ್ರಿ ಇಲ್ಲಿ ಆದರೆಗೂ ನಾಯಿಗೂ ಅಂತರ ತೋರಿಸಲಾಗದೆ ಇಪ್ಪತ್ತರ ಹುಡುಗಿಯ ಮುಂದೆ ಬೆವರುತ್ತಾನೆ. ಪಾದ್ರಿಗಳು ಬೀದಿಯಲ್ಲಿ ನಿಲುವಂಗಿ ತೊಡಬಾರದೆಂಬ ಕಾಯ್ದೆ ಮೆಕ್ಸಿಕೊದಲ್ಲಿ ಆಗಿನ್ನೂ ರದ್ದಾಗಿರಲಿಲ್ಲ. ಅಂದರೆ ಮಾತಿನ ಜೊತೆಗೆ ಉಡುಪು ತಂದುಕೊಡುವ ಮರ್ಯಾದೆಯ ಭರವಸೆಯೂ ಇರಲಿಲ್ಲ.

ಈ ಮುಜುಗರ ತರಬೇತಿಯ ಅಡ್ಡಪರಿಣಾಮ ಆಗಿರಲಿಲ್ಲ, ತರಬೇತಿಯೇ ಅದಾಗಿತ್ತು. ಇಲಿಚ್ ಭಾಷಾ ಕಲಿಕೆಯ ಬಗ್ಗೆ ಬರೆದ ಒಂದು ಪ್ರಬಂಧದಲ್ಲಿ ಇದು ಸ್ಪಷ್ಟವಾಗಿದೆ. ಭಾಷೆಯಲ್ಲಿ ಶಬ್ದಗಳಿರುವಷ್ಟೇ ಮೌನಗಳೂ ಇವೆ, ಶಬ್ದಕ್ಕಿಂತ ಮೌನ ಕಲಿಯುವುದು ಸೂಕ್ಷ್ಮವಾದ ಕೆಲಸ, ಪರರ ಮೌನ ಅರ್ಥವಾಗದವನಿಗೆ ಅವರ ಮಾತೂ ಪೂರ್ತಿ ಅರ್ಥವಾಗುವುದಿಲ್ಲ ಎನ್ನುವುದು ಅದರ ತಿರುಳು. ಸರಿಯಾಗಿ ಕಲಿಯುವವನು ಕೆಲಕಾಲ ಬಡವನಾಗಬೇಕು, ಇತರರನ್ನು ನೆಚ್ಚಿ ಬದುಕಬೇಕು ಎಂದು ಅವರು ನಂಬಿದ್ದರು. ಬಡತನದ ವ್ರತ ತೊಟ್ಟವರಿಗೂ ಈ ಬಡತನ ಹೊಸದು. ಆಸ್ತಿ ಬಿಟ್ಟುಕೊಡುವುದು ಸುಲಭವೆನ್ನಲಾರೆ. ಆದರೆ ತಾನು ಹೇಳಬೇಕೆಂದದ್ದನ್ನು ಹೇಳಲಾರದೆ ನಿಲ್ಲುವುದು, ತನಗಿಂತ ಕಡಿಮೆ ಓದಿದವರ ಎದುರು ಪೆದ್ದನಂತೆ ಕಾಣುವುದು ವಿದ್ಯಾವಂತನಿಗೆ ಅದಕ್ಕಿಂತ ಕಠಿಣ. ಕೆಲವರು ತಾಳಲಾರದೆ ಹಿಂತಿರುಗಿದರು. ಕೆಲವರಿಗೆ ಇಲಿಚ್ ಅವರೇ, ಈ ಕೆಲಸ ನಿಮ್ಮದಲ್ಲ, ಮನೆಗೆ ಹೋಗಿ ಎನ್ನುತ್ತಿದ್ದರು. ಅವರ ಮಾತು ಒರಟಾಗಿತ್ತು. ಆದರೂ ತಪ್ಪು ಜನರನ್ನು ತಡೆಯುವುದೂ ತರಬೇತಿಯ ಭಾಗವೆಂದು ಒಪ್ಪಿದರೆ ಆ ಒರಟುತನಕ್ಕೆ ಅರ್ಥವಿದೆ.

ಇದಕ್ಕೆ ಬಲವಾದ ಆಕ್ಷೇಪವನ್ನು ಮೆಕ್ಸಿಕೊದ ಚರಿತ್ರೆಯೇ ಒಡ್ಡುತ್ತದೆ. ಭಾಷೆ ಕಲಿತವನು ವಿನಯವಂತನಾಗುತ್ತಾನೆ ಎನ್ನುವುದಾದರೆ ಡಿಯೆಗೊ ದ ಲಾಂದಾನನ್ನು ಏನೆನ್ನುವುದು? ಯುಕತಾನಿಗೆ ಹೋದ ಈ ಫ್ರಾನ್ಸಿಸ್ಕನ್ ಸನ್ಯಾಸಿ ಮಾಯಾ ಭಾಷೆಯನ್ನು ಚೆನ್ನಾಗಿ ಕಲಿತಿದ್ದ. ಅವನೇ 1562ರಲ್ಲಿ ಮನಿ ಎಂಬ ಊರಿನಲ್ಲಿ ಮಾಯಾ ಜನರ ಚಿತ್ರಲಿಪಿಯ ಪುಸ್ತಕಗಳನ್ನೂ ಮೂರ್ತಿಗಳನ್ನೂ ರಾಶಿ ಹಾಕಿ ಸುಡಿಸಿದ. ಹಳೆಯ ಪೂಜೆ ಬಿಡದವರನ್ನು ಹಿಂಸಿಸಿ ವಿಚಾರಣೆ ಮಾಡಿಸಿದ. ಭಾಷೆ ಬಂದದ್ದರಿಂದಲೇ ಅವನಿಗೆ ಯಾರ ಮನೆಯಲ್ಲಿ ಏನು ಅಡಗಿದೆಯೆಂದು ತಿಳಿಯಿತು ಎಂದರೂ ತಪ್ಪಲ್ಲ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಶತಮಾನದ, ಅದೇ ಸಂಘದ ಬೆರ್ನಾರ್ದಿನೊ ದ ಸಹಗೂನ್ ಅವರನ್ನು ಪಕ್ಕದಲ್ಲಿಟ್ಟು ನೋಡಬೇಕು. 1529ರಲ್ಲಿ ಬಂದ ಸಹಗೂನ್, 1536ರಲ್ಲಿ ತೆರೆದ ತ್ಲಾತೆಲೋಲ್ಕೊ ಕಾಲೇಜಿನಲ್ಲಿ ನಾವಾ ಜನರ ಹುಡುಗರಿಗೆ ಲ್ಯಾಟಿನ್ ಕಲಿಸಿದರು. ಮುಂದೆ ಅದೇ ಶಿಷ್ಯರನ್ನು ಕೂರಿಸಿಕೊಂಡು, ಊರ ಹಿರಿಯರನ್ನು ಪ್ರಶ್ನೆ ಕೇಳಿ, ನಾವಾತ್ಲ್ ಭಾಷೆಯಲ್ಲೇ ಉತ್ತರಗಳನ್ನು ಬರೆಸಿಕೊಂಡು, ಆ ಜನರ ದೇವರು, ಹಬ್ಬ, ಔಷಧಿ, ವ್ಯಾಪಾರ, ಯುದ್ಧಗಳ ಕುರಿತು ಹನ್ನೆರಡು ಭಾಗಗಳ ಗ್ರಂಥವೊಂದನ್ನು ಸಿದ್ಧಪಡಿಸಿದರು. ಸ್ಪ್ಯಾನಿಷರು ಬಂದು ಆ ಜನರ ನಗರವನ್ನು ಹಾಳುಗೆಡವಿದ ಕತೆಯನ್ನು ಸೋತವರ ಬಾಯಿಂದ ಹೇಳಿಸಿದ್ದೂ ಅದರಲ್ಲಿದೆ. ಅವರ ಉದ್ದೇಶವೂ ಮತಾಂತರವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಇಬ್ಬರಿಗೂ ಭಾಷೆ ಬರುತ್ತಿತ್ತು. ಲಾಂದಾ ಅಧಿಕಾರದ ಕುರ್ಚಿಯಲ್ಲಿ ಕೂತು ಕಲಿತ, ಸಹಗೂನ್ ಕಲಿಸಿದವರಿಂದಲೇ ಮತ್ತೆ ಕಲಿತರು. ಆಕ್ಷೇಪ ನನ್ನ ವಾದವನ್ನು ಕೆಡಿಸುವ ಬದಲು ಅದನ್ನು ಖಚಿತಗೊಳಿಸುತ್ತದೆ.

ಎರಡನೆಯ ಆಕ್ಷೇಪ ದಕ್ಷತೆಯದು. ಕ್ವೆರ್ನವಾಕದ ಕೇಂದ್ರ ತೆರೆದ 1961ರ ಡಿಸೆಂಬರಿನಲ್ಲೇ ಅಮೆರಿಕದ ಯೂಟಾ ರಾಜ್ಯದ ಪ್ರೊವೊದಲ್ಲಿ ಮಾರ್ಮನ್ ಪಂಥದವರು ತಮ್ಮ ವಿಶ್ವವಿದ್ಯಾಲಯದಲ್ಲಿ ಮಿಷನರಿ ಭಾಷಾ ಸಂಸ್ಥೆ ತೆರೆದರು. ಮೆಕ್ಸಿಕೊಗೆ, ಅರ್ಜೆಂಟೀನಾಕ್ಕೆ ಹೊರಟಿದ್ದ ಯುವಕರ ವೀಸಾ ತಡವಾಗುತ್ತಿತ್ತು. ಕಾಯುವ ವಾರಗಳಲ್ಲಿ ಸ್ಪ್ಯಾನಿಷ್ ಕಲಿಸೋಣವೆಂದು ಶುರುವಾದದ್ದು 1963ರಲ್ಲಿ ಭಾಷಾ ತರಬೇತಿ ಮಿಷನ್ ಆಗಿ, 1978ರಲ್ಲಿ ಎಲ್ಲರಿಗೂ ಒಂದೇ ತರಬೇತಿ ಕೇಂದ್ರವಾಗಿ ಬೆಳೆಯಿತು. ಅಲ್ಲಿ ಪಾಠ ಹೇಳುತ್ತಿದ್ದವರು ಲ್ಯಾಟಿನ್ ಅಮೆರಿಕದಲ್ಲಿ ಸೇವೆ ಮುಗಿಸಿ ಮರಳಿದ ತಮ್ಮದೇ ಪಂಥದ ತರುಣರು. ಮನೆಮನೆಗೆ ಹೋಗಿ ಹೇಳಬೇಕಾದ ಪಾಠಗಳನ್ನು ಸ್ಪ್ಯಾನಿಷ್‌ನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಹೀಗೆ ಕಲಿತು ಬಂದ ಹತ್ತೊಂಬತ್ತರ ಹುಡುಗರು ಎರಡು ವರ್ಷದಲ್ಲಿ ಸರಾಗವಾಗಿ ಸ್ಪ್ಯಾನಿಷ್ ಆಡುತ್ತಿದ್ದರು. ಫಲಿತಾಂಶ ಇಷ್ಟು ಚೆನ್ನಾಗಿರುವಾಗ ಮುಜುಗರದ ತತ್ತ್ವಜ್ಞಾನ ಯಾಕೆ ಬೇಕು ಎಂದು ಕೇಳಬಹುದು. ಪ್ರೊವೊದ ಪದ್ಧತಿಯನ್ನು ನಾನು ಕೀಳೆನ್ನುವುದಿಲ್ಲ. ಆ ಹುಡುಗರ ಶಿಸ್ತು, ಸ್ವಂತ ಖರ್ಚಿನಲ್ಲಿ ಹೋಗುವ ಶ್ರದ್ಧೆ ದೊಡ್ಡದು. ಆದರೆ ಕಲಿಯುವ ಮೊದಲ ಹಂತದಲ್ಲಿ ಅವರು ತಮ್ಮವರ ನಡುವೆಯೇ ಇದ್ದರು. ಬಾಯಿಗೆ ಮೊದಲು ಬಂದ ಸ್ಪ್ಯಾನಿಷ್ ಬೋಧನೆಯ ಸ್ಪ್ಯಾನಿಷ್, ಎದುರಿನವರು ಏನು ಉತ್ತರಿಸಬೇಕೆಂಬುದೂ ಪಾಠದಲ್ಲೇ ಇತ್ತು. ಅವರು ನಿಜವಾಗಿ ತೊದಲಿದ್ದು ಲೀಮಾದ, ಬ್ಯೂನಸ್ ಐರಿಸ್‌ನ ಮನೆಬಾಗಿಲುಗಳಲ್ಲಿ, ಪಾಠದಲ್ಲಿಲ್ಲದ ಉತ್ತರ ಸಿಕ್ಕಾಗ. ಅವರನ್ನು ಆ ಊರುಗಳಿಗೆ ಹತ್ತಿರ ಮಾಡಿದ್ದು ಆ ಬಾಗಿಲುಗಳೇ ಇರಬೇಕೆಂದು ನನಗನಿಸುತ್ತದೆ.

ಮೂರನೆಯ ಆಕ್ಷೇಪಕ್ಕೆ ನಾನು ಅರ್ಧ ಸೋಲೊಪ್ಪುತ್ತೇನೆ. ಸ್ಪ್ಯಾನಿಷ್ ಯಾರ ಭಾಷೆ? 1570ರಲ್ಲಿ ದೊರೆ ಎರಡನೆಯ ಫಿಲಿಪ್ ನಾವಾತ್ಲ್ ಭಾಷೆಗೆ ಮನ್ನಣೆ ಕೊಟ್ಟಿದ್ದರೆ, 1770ರಲ್ಲಿ ಮೂರನೆಯ ಚಾರ್ಲ್ಸ್ ಸ್ಥಳೀಯ ಭಾಷೆಗಳು ಅಳಿದು ಸ್ಪ್ಯಾನಿಷ್ ಮಾತ್ರ ಉಳಿಯಬೇಕೆಂದು ಆಜ್ಞೆ ಹೊರಡಿಸಿದ. ಬೆಟ್ಟಗಾಡಿನ ಬಡವರಿಗೆ ಸ್ಪ್ಯಾನಿಷ್ ಎಂದರೆ ಜಮೀನ್ದಾರನ, ಕಚೇರಿಯ ಭಾಷೆ. ಗ್ವಾಟೆಮಾಲಾದಲ್ಲಿ 1917ರಲ್ಲಿ ಸ್ಪ್ಯಾನಿಷ್ ಬೈಬಲ್ ಮಾರುತ್ತ ತಿರುಗಿದ ಅಮೆರಿಕದ ಯುವಕ ಕ್ಯಾಮೆರಾನ್ ಟೌನ್‌ಸೆಂಡ್, ಕಕ್ಚಿಕೆಲ್ ಜನರಿಗೆ ಆ ಪುಸ್ತಕ ಓದಲಾಗದೆಂದು ಕಂಡುಕೊಂಡು ಅವರ ಭಾಷೆಯನ್ನೇ ಕಲಿತ. 1934ರಲ್ಲಿ ಅಂಥ ಭಾಷೆಗಳನ್ನು ಕಲಿಯುವವರಿಗಾಗಿ ಶಿಬಿರ ಶುರುಮಾಡಿದ. ಚಿಯಾಪಾಸ್‌ನ ಬಿಷಪ್ ಸಾಮ್ಯುವೆಲ್ ರುಯಿಸ್ 1960ರಲ್ಲಿ ಅಲ್ಲಿಗೆ ಹೋದಾಗ, ಮಾಯಾ ರೈತರಿಗೆ ಸ್ಪ್ಯಾನಿಷ್ ಕಲಿಸಬೇಕು, ಕಾಲಿಗೆ ಮೆಟ್ಟು ಹಾಕಿಸಬೇಕು ಎಂದುಕೊಂಡಿದ್ದವರು. ವರ್ಷಗಳು ಕಳೆದಂತೆ ತಾವೇ ಅವರ ಭಾಷೆಗಳನ್ನು ಕಲಿತು, ಅವರ ಹಕ್ಕುಗಳ ಪರ ನಿಂತರು. ಆದ್ದರಿಂದ ಕ್ವೆರ್ನವಾಕದ ನಾಲ್ಕು ತಿಂಗಳು ಸಾಲದು, ಅದು ಹೆಬ್ಬಾಗಿಲು ಮಾತ್ರ ಎನ್ನುವುದು ಸರಿ. ಒಂದು ಭಾಷೆಯ ಮುಂದೆ ಚಿಕ್ಕವನಾಗಿ ನಿಂತು ಅಭ್ಯಾಸವಾದವನಿಗೆ ಇನ್ನೊಂದರ ಮುಂದೆ ನಿಲ್ಲುವುದು ಕಷ್ಟವಾಗದು ಎಂಬುದಷ್ಟೇ ನನ್ನ ಉತ್ತರ.

ಇಲಿಚ್ ಅವರೇ ಇನ್ನೂ ಮುಂದೆ ಹೋದರು. ಪೋಪರು ಕೇಳಿದ ಹತ್ತರಲ್ಲೊಂದು ಪಾಲು ಎಂದೂ ಕೂಡಿಬರಲಿಲ್ಲ. ಕೂಡಿಬರಬಾರದೆಂದೇ ಇಲಿಚ್ ಅವರಿಗೆ ಅನ್ನಿಸತೊಡಗಿತ್ತು. ಹೊರಗಿನ ಹಣ ಮತ್ತು ಜನ ಲ್ಯಾಟಿನ್ ಅಮೆರಿಕದ ಚರ್ಚನ್ನು ಪರಾವಲಂಬಿ ಮಾಡುತ್ತಿವೆ ಎಂದು 1967ರ ಜನವರಿಯಲ್ಲಿ ಬಹಿರಂಗವಾಗಿ ಬರೆದರು. ಮರುವರ್ಷ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರಿಗೆ, ಹಳ್ಳಿಯವರು ನಿಮ್ಮ ಬಗ್ಗೆ ಏನು ಅಂದುಕೊಳ್ಳುತ್ತಾರೆಂದು ತಿಳಿಯುವಷ್ಟೂ ಭಾಷೆ ಬಾರದವರು ಉಪಕಾರಕ್ಕೆಂದು ಬರಬೇಡಿ, ಬೇಕಾದರೆ ನೋಡಲು, ಕಲಿಯಲು ಬನ್ನಿ ಎಂದರು. ಮಿಷನರಿ ಶಾಲೆ ನಡೆಸುವವರೇ ಮಿಷನರಿಗಳನ್ನು ಬರಬೇಡಿ ಎನ್ನುವುದು ದ್ರೋಹವೆಂದು ಹಲವರಿಗೆ ಕಂಡಿತು. ಅವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಕೇಳಿಸಿಕೊಳ್ಳಲು ಕಲಿಸುತ್ತೇನೆ ಎಂದವರು, ಕೇಳಿಸಿದ್ದನ್ನು ಹೇಳದೆ ಹೇಗಿರುತ್ತಾರೆ? ರೋಮ್ 1968ರಲ್ಲಿ ಅವರನ್ನು ಕರೆಸಿ ವಿಚಾರಣೆ ಮಾಡಿತು. 1969ರ ಜನವರಿಯಲ್ಲಿ ಪಾದ್ರಿಗಳೂ ಕನ್ಯಾಸ್ತ್ರೀಯರೂ ಆ ಕೇಂದ್ರಕ್ಕೆ ಹೋಗಕೂಡದೆಂದು ನಿಷೇಧ ಹೇರಿ, ಕೆಲವೇ ತಿಂಗಳಲ್ಲಿ ಸಡಿಲಿಸಿತು. ಅಷ್ಟರಲ್ಲಿ ಇಲಿಚ್ ಪಾದ್ರಿಯ ಕೆಲಸದಿಂದ ಹಿಂದೆ ಸರಿದಿದ್ದರು. ಕೇಂದ್ರದ ಗ್ರಂಥಾಲಯ, ಪ್ರಕಟಣೆ, ವಿಚಾರಗೋಷ್ಠಿಗಳೆಲ್ಲ ನಡೆಯುತ್ತಿದ್ದುದು ಸ್ಪ್ಯಾನಿಷ್ ತರಗತಿಯ ಶುಲ್ಕದಿಂದ. ಹೆಸರು ದೊಡ್ಡ ವಿಚಾರವಾದಿಗಳದ್ದಾದರೂ ಅನ್ನ ಹಾಕುತ್ತಿದ್ದವರು ಊರಿನ ಆ ಹುಡುಗ ಹುಡುಗಿಯರು. 1976ರಲ್ಲಿ ಎಲ್ಲರೂ ಒಪ್ಪಿ ಕೇಂದ್ರವನ್ನು ಮುಚ್ಚಿ, ಇದ್ದ ಹಣವನ್ನು ಸಿಬ್ಬಂದಿಯೆಲ್ಲ ಹಂಚಿಕೊಂಡರು. ಅಧ್ಯಾಪಕರು ತಮ್ಮದೇ ಭಾಷಾ ಶಾಲೆಗಳನ್ನು ತೆರೆದರು, ಮತ್ತು ಕ್ವೆರ್ನವಾಕ ಸ್ಪ್ಯಾನಿಷ್ ಕಲಿಯಲು ಹೊರದೇಶದವರು ಬರುವ ಊರಾಗಿ ಉಳಿಯಿತು.