ಡಬ್ಬಿಯಲ್ಲಿ ಉಳಿದ ಸಿನಿಮಾ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಹಣ ಹೂಡಿದವರು ಚಮನ್‌ಲಾಲ್ ಡೂಂಗಾಜಿ, ನಿರ್ದೇಶಿಸಿದವರು ವೈ.ವಿ. ರಾವ್. ನಾಟಕದ ಕಂಪನಿಗಳಲ್ಲಿ ಹೆಸರು ಮಾಡಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು, ಆರ್. ನಾಗೇಂದ್ರರಾಯರು ರಾವಣನಾದರು. ಚಿತ್ರೀಕರಣಕ್ಕೆ ತಂಡವೆಲ್ಲ ದೂರದ ಕೊಲ್ಹಾಪುರಕ್ಕೆ ಹೋಗಿತ್ತು. ಇಷ್ಟೆಲ್ಲ ಗೊತ್ತಿದೆ. ಆದರೆ ಆ ಚಿತ್ರವನ್ನು ಇಂದು ಯಾರೂ ನೋಡುವಂತಿಲ್ಲ, ಒಂದು ಪ್ರತಿಯೂ ಉಳಿದಿಲ್ಲ.

ಇತಿಹಾಸ ಪಾಠ ಮಾಡಿದ ನನಗೆ ಇದು ವಿಚಿತ್ರವಾಗಿಯೇ ಕಾಣುತ್ತದೆ. ನಮ್ಮ ಟಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಮರಳು ಸರಿಸಿದರೆ ಸಾವಿರ ವರ್ಷದ ಕಲ್ಲು ಸಿಗುತ್ತದೆ. ನಮ್ಮ ಅಜ್ಜಂದಿರ ಕಾಲದ ಸಿನಿಮಾ ಮಾತ್ರ ಸಿಗುವುದಿಲ್ಲ.

ಕಾರಣ ಆ ಸುರುಳಿಯಲ್ಲೇ ಇತ್ತು. ಆಗಿನ ಫಿಲ್ಮು ನೈಟ್ರೇಟಿನದು. ಬೆಂಕಿ ತಗುಲಿದರೆ ನೀರು ಸುರಿದರೂ ಆರುತ್ತಿರಲಿಲ್ಲ. ಸುಮ್ಮನೆ ಇಟ್ಟರೂ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತಿತ್ತು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ಕರಗಿಸಿದವರೂ ಉಂಟು. 1950ರ ದಶಕದಲ್ಲಿ ಬೇಗ ಉರಿಯದ ಅಸಿಟೇಟ್ ಫಿಲ್ಮು ರೂಢಿಗೆ ಬಂತು. ಅದಕ್ಕೂ ಒಂದು ರೋಗವಿದೆ: ಸೆಖೆ, ತೇವಕ್ಕೆ ಕೆಟ್ಟು ವಿನೆಗರಿನಂತೆ ಹುಳಿವಾಸನೆ ಹೊಡೆಯುತ್ತದೆ.

ನಮ್ಮೂರುಗಳಿಗೆ ಸಿನಿಮಾ ತಂದದ್ದು ಟೂರಿಂಗ್ ಟಾಕೀಸು. ಘಂಟಸಾಲರ ‘ನಮೋ ವೆಂಕಟೇಶ’ ಮೈಕಿನಲ್ಲಿ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದೇ ಅರ್ಥ. ಊಟ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆವು. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು ದರ, ನಾವು ನೆಲದವರೇ. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾದರೂ ಟೆಂಟಿಗೆ ಬರುವ ಹೊತ್ತಿಗೆ ಪ್ರತಿ ಸವೆದು, ಪರದೆಯ ಮೇಲೆ ಸದಾ ಸಣ್ಣ ಮಳೆ. ಪೇಟೆಯಲ್ಲಿ ಓಡಿ ಓಡಿ ದಣಿದ ಸುರುಳಿ ಕಡೆಗೆ ಬರುತ್ತಿದ್ದುದು ಹಳ್ಳಿಗೆ. ನಡುವೆ ಹರಿದರೆ ಆಪರೇಟರು ಕತ್ತರಿಸಿ ಅಂಟಿಸುವನು; ಹಾಡು ಹಾರಿಹೋಯಿತೆಂದು ನೆಲದಿಂದ ಸಿಳ್ಳೆ, ಬೈಗುಳ!

ಆ ಕತ್ತರಿಸಿದ ತುಂಡುಗಳೇ ನಮ್ಮ ಸಂಗ್ರಹ. ಬೆಳಿಗ್ಗೆ ಟೆಂಟಿನ ಹಿಂದೆ ಹುಡುಕಿ, ಜಾಮಿಟ್ರಿ ಡಬ್ಬಿಯಲ್ಲಿಟ್ಟು ಶಾಲೆಗೆ ತರುತ್ತಿದ್ದೆವು. ರಾಜ್‌ಕುಮಾರ್ ಮುಖವಿರುವ ಒಂದು ತುಂಡಿಗೆ ನಾಲ್ಕು ಗೋಲಿ. ಸುಟ್ಟುಹೋದ ಬಲ್ಬಿನ ಬುಡ ಒಡೆದು ನೀರು ತುಂಬಿದರೆ ಅದೇ ಲೆನ್ಸು. ಬಾಗಿಲ ಸಂದಿಯಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿ, ಅಪ್ಪನ ಪಂಚೆಯ ಮೇಲೆ ಚಿತ್ರ ಬೀಳಿಸುತ್ತಿದ್ದೆವು. ತಲೆಕೆಳಗಾಗಿ ಬಿದ್ದರೆ ತುಂಡನ್ನೇ ತಿರುಗಿಸಿದರಾಯಿತು. ಬೆಳಕಿನ ಪಾಠವನ್ನು ವಿಜ್ಞಾನದ ಮೇಷ್ಟ್ರು ಮಾಡುವ ಮೊದಲೇ ನಾವು ಕಲಿತಿದ್ದೆವು.

ಇದೇ ಹುಚ್ಚು ದೊಡ್ಡ ಪ್ರಮಾಣದಲ್ಲಿದ್ದವರು ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಅವರು. ಫಾಲ್ಕೆಯವರ ‘ಕಾಳಿಯ ಮರ್ದನ’ದಂಥ ಚಿತ್ರಗಳನ್ನು ನಾವು ಇಂದು ನೋಡಬಹುದಾದರೆ ಅದು ಅವರ ಶ್ರಮ. ಅಷ್ಟು ಹುಡುಕಿದರೂ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಸಿಗಲಿಲ್ಲ. ಹಾಗೆಂದು ಆಸೆ ಬಿಡಬೇಕಿಲ್ಲ. ಜರ್ಮನಿಯ ‘ಮೆಟ್ರೊಪೊಲಿಸ್’ (1927) ಚಿತ್ರದ ಕಳೆದುಹೋದ ಭಾಗಗಳು 2008ರಲ್ಲಿ ಸಿಕ್ಕಿದ್ದು ಎಲ್ಲೋ ದೂರದ ಅರ್ಜೆಂಟೀನಾದಲ್ಲಿ!

ನಂಜನಗೂಡು, ನರಸೀಪುರದ ಅಟ್ಟಗಳಲ್ಲಿ ಪೂರ್ತಿ ಸುರುಳಿ ಸಿಗುವುದೆಂಬ ಭ್ರಮೆ ನನಗಿಲ್ಲ. ಆದರೆ ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಗಾಡಿಯಿಂದ ಎಸೆಯುತ್ತಿದ್ದ ಬಣ್ಣದ ಕರಪತ್ರ ಯಾರ ಟ್ರಂಕಿನಲ್ಲಾದರೂ ಇದ್ದೀತು. ಪ್ರತಿ ಉಳಿಯದ ಚಿತ್ರದ ಕಥೆ, ಪಾತ್ರವರ್ಗ ಗೊತ್ತಾಗುವುದು ಎಷ್ಟೋ ಸಲ ಇಂಥ ಕಾಗದದಿಂದಲೇ. ನನ್ನ ಬಳಿ ಹನ್ನೊಂದು ಹಾಡಿನ ಪುಸ್ತಕಗಳಿವೆ, ಎರಡಕ್ಕೆ ರಕ್ಷಾಪುಟವಿಲ್ಲ. ಸುವರ್ಣ ಮಹೋತ್ಸವದ ಪ್ರದರ್ಶನಕ್ಕೆ ಅವನ್ನು ಶಾಲೆಗೆ ಕೊಡುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳೂ ಗ್ರಾಮಸ್ಥರೂ ತಮ್ಮಲ್ಲಿರುವುದನ್ನು ತರಬೇಕೆಂದು ಕೋರುತ್ತೇನೆ. ಹರಿದಿದ್ದರೆ ಗೋಂದು ಹಚ್ಚಬೇಡಿ, ಹಾಗೆಯೇ ತನ್ನಿ. ಫಿಲ್ಮಿನ ತುಂಡಿಗೆ ಹುಳಿವಾಸನೆ ಬಂದಿದ್ದರೆ ಬೇರೆ ಕಾಗದದಲ್ಲಿ ಸುತ್ತಿ ಕೊಡಿ. ಉಳಿದವಕ್ಕೂ ಆ ರೋಗ ಹತ್ತುತ್ತದೆ.